80 ರೂಪಾಯಿ ಸಾಲ, 7 ಲಟ್ಟಣಿಗಿ: ಉದ್ಯೋಗ ಮಾಡೋ ಹೆಣ್ಮಕ್ಕಳು ಟೆನ್ಶನ್ ಹೆಂಗ ತಾಳಿದ್ರು?



ಈಗ ನಮ್ಮ ಕಡೆ ಯಾರ ಮನಿಗೆ ಹೋದ್ರೂ ಒಂದಿಲ್ಲೊಂದು ಉದ್ಯೋಗ ನಡದಿರ್ತದ. ಒಬ್ರು ಖಡಕ್ ರೊಟ್ಟಿ ಬಡೀತಾರ, ಒಬ್ರು ಶೇಂಗಾ ಹೋಳಿಗಿ, ಚಟ್ನಿಪುಡಿ ಮಾಡಿ ಬೆಂಗಳೂರು, ಪುಣೆಗೆ ಕಳಸ್ತಾರ, ಒಬ್ರು ಬ್ಲೌಸ್ ಹೊಲೀತಾರ, ಒಬ್ರು ವಾಟ್ಸಾಪ್‌ನ್ಯಾಗ ಇಳಕಲ್ ಸೀರಿ ಮಾರ್ತಾರ. ಭಾಳ ಸಂತೋಷದ ಮಾತು. ಆದ್ರ ಕೂತು ಮಾತಾಡ್ಸಿದ್ರ ಎಲ್ಲಾರ ಬಾಯಾಗೂ ಒಂದ ಶಬ್ದ, ಟೆನ್ಶನ್. ಆರ್ಡರ್ ಬರಲಿಲ್ಲಂದ್ರ ಒಂದ್ ಟೆನ್ಶನ್, ಭಾಳ ಬಂದ್ರ ಇನ್ನೊಂದು. ಉದ್ರಿ ಒಯ್ದವ್ರು ರೊಕ್ಕ ಕೊಡಲಿಲ್ಲಂತ ಒಂದು, ಸಾಲದ ಕಂತು ಬಂತಂತ ಒಂದು. ಇದರ ನಡುವ ಮನಿಯವ್ರಿಗೆ ಬಿಸಿ ರೊಟ್ಟಿ ಹೊತ್ತಿಗೆ ಸರಿಯಾಗಿ ಆಗಬೇಕು, ಅದನ್ನ ಮಾತ್ರ ಯಾರೂ ಮಾಫ್ ಮಾಡಂಗಿಲ್ಲ.

ಟೆನ್ಶನ್ ಬಂತಂದ್ರ ಎಲ್ಲಾರೂ ಹೇಳೋದು ಏನು? ಪ್ರಾಣಾಯಾಮ ಮಾಡ್ರಿ, ವಾಕಿಂಗ್ ಹೋಗ್ರಿ, ಧ್ಯಾನ ಮಾಡ್ರಿ. ಒಳ್ಳೇದ, ನಾನೂ ಬ್ಯಾಡ ಅನ್ನಂಗಿಲ್ಲ. ಆದ್ರ ನಾಳೆ ಮುಂಜಾನೆ 300 ರೊಟ್ಟಿ ಕೊಡಬೇಕು, ಹಿಟ್ಟು ಬೀಸಿ ಬಂದಿಲ್ಲ, ಕರೆಂಟ್ ಹೋಗ್ಯದ. ಇಂಥಾದ್ರಾಗ ಮೂಗು ಹಿಡಕೊಂಡು ಕೂತ್ರ ರೊಟ್ಟಿ ಆಗ್ತಾವೇನ್ರಿ? ನಮಗಿಂತ ಮೊದಲು ಉದ್ಯೋಗ ಮಾಡಿದ ಹೆಣ್ಮಕ್ಕಳು ಏನು ಮಾಡಿದ್ರು ಅಂತ ನಾನು ಸುಮಾರು ದಿನದಿಂದ ಓದಿ, ಕೇಳಿ ತಿಳ್ಕೊಳ್ಳಾಕತ್ತೀನಿ. ಅವರಿಗೆ ಟೆನ್ಶನ್ ಅನ್ನೋ ಶಬ್ದ ಗೊತ್ತಿತ್ತೋ ಇಲ್ಲೋ, ಸಂಕಟಂತೂ ಇದ್ದ ಇತ್ತು. ಅವರು ಆ ಸಂಕಟ ತಡಕೊಳ್ಳಾಕ ಮನಸ್ಸು ಗಟ್ಟಿ ಮಾಡ್ಕೊಂಡಿದ್ದಷ್ಟ ಅಲ್ಲ, ಕೆಲಸ ಮಾಡೋ ರೀತೀನ ಬದಲ ಮಾಡಿದ್ರು. ಆ ಕಥಿ ಹೇಳ್ತೀನಿ ಕೇಳ್ರಿ.

ಮೊದಲು ಹಪ್ಪಳದ್ದು. ಲಿಜ್ಜತ್ ಹಪ್ಪಳ ತಿನ್ನದ ಮನಿ ಇಲ್ಲ. ಇದು ಶುರು ಆಗಿದ್ದು 1959ರ ಮಾರ್ಚ್ 15ಕ್ಕ, ಮುಂಬೈಯ ಗಿರಗಾಂವ್‌ದಾಗ. ಲೋಹಾಣಾ ನಿವಾಸ ಅಂತ ಒಂದ್ ಕಟ್ಟಡ, ಅದರಾಗ ಬಾಡಿಗಿ ಮನಿಯೊಳಗಿದ್ದ ಗುಜರಾತಿ ಹೆಣ್ಮಕ್ಕಳು. ಭಾಳ ಓದಿದವ್ರಲ್ಲ, ಹೊರಗ ಹೋಗಿ ನೌಕರಿ ಮಾಡೋ ಹಂಗಿಲ್ಲ, ಆದ್ರ ಗಂಡನ ಪಗಾರ ಸಾಲೂದಿಲ್ಲ. 7 ಮಂದಿ ಕೂಡಿ ಮಾಳಿಗಿ ಮ್ಯಾಲ ಹಪ್ಪಳ ಲಟ್ಟಿಸಾಕ ಕೂತ್ರು. ಅವರೊಳಗ ಜಸವಂತಿಬೆನ್ ಪೋಪಟ್ ಅನ್ನೋರಿಗೆ 2021ರಾಗ ಪದ್ಮಶ್ರೀ ಬಂತು, ನಿಮಗೂ ಟಿವಿಯಾಗ ನೋಡಿದ್ದು ನೆನಪಿರಬಹುದು.

ರೊಕ್ಕ ಎಲ್ಲಿಂದ ಬಂತು? ಛಗನ್‌ಲಾಲ್ ಕರಮ್ಸಿ ಪಾರೇಖ್ ಅಂತ ಸಮಾಜಸೇವಕರು, ಎಲ್ಲಾರೂ ಛಗನ್‌ಬಾಪಾ ಅಂತಿದ್ರು, ಅವರು 80 ರೂಪಾಯಿ ಸಾಲ ಕೊಟ್ರು. ಲಕ್ಷ್ಯ ಇಟ್ಟು ಕೇಳ್ರಿ, ಸಾಲ, ದಾನ ಅಲ್ಲ. ಎಂಥಾ ಅಡಚಣಿ ಬಂದ್ರೂ ಯಾರ ಕಡೆನೂ ದಾನ-ದೇಣಿಗಿ ಬೇಡಬಾರದು ಅಂತ ಈ ಹೆಣ್ಮಕ್ಕಳು ಮೊದಲ ನಿಶ್ಚಯ ಮಾಡಿದ್ರು. ನಷ್ಟದಾಗ ನಡೀತಿದ್ದ ಒಂದ್ ಹಪ್ಪಳದ ಉದ್ಯೋಗವನ್ನ ತಾವು ತುಗೊಂಡು, ಬೇಕಾದ ಸಾಮಾನು ತಂದ್ರು. ಮೊದಲ ದಿನ ಆಗಿದ್ದು 4 ಪ್ಯಾಕೆಟ್. ಭುಲೇಶ್ವರದಾಗ ಪರಿಚಯದ ವ್ಯಾಪಾರಿಗೆ ಅದನ್ನ ಕೊಟ್ರು.

ಈಗ ಅವರಿಗೆ ಬಂದ ಕಷ್ಟ ನೋಡ್ರಿ. ಹಪ್ಪಳ, ಸಂಡಿಗಿ ಮಾಡಿದ ನಮಗ ಇದು ಬಿಡಿಸಿ ಹೇಳೂದ ಬ್ಯಾಡ. ಮುಂಬೈ ಮಳಿ ಹತ್ತಿದ್ರ ಬಿಡಂಗಿಲ್ಲ. ಮೊದಲ ವರ್ಷ ಮಳಿಗಾಲದಾಗ ಹಪ್ಪಳ ಒಣಗಲಿಲ್ಲ, 4 ತಿಂಗಳು ಕೆಲಸ ಪೂರ್ತಿ ಬಂದ್. ಹೊಸದಾಗಿ ಶುರು ಮಾಡಿದ ಉದ್ಯೋಗ, ಮ್ಯಾಲ ಸಾಲ, 4 ತಿಂಗಳು ಕೈ ಕಟ್ಟಿ ಕೂಡೋದು ಅಂದ್ರ ಎದಿ ಏನಾಗಿರಬೇಕು! ಮರು ವರ್ಷ ಮಳಿ ಬರೋಕಿಂತ ಮೊದಲು ಅವರು ಒಂದ್ ಹೊರಸು, ಒಂದ್ ಸ್ಟೋವ್ ತಂದ್ರು. ಹೊರಸಿನ ಮ್ಯಾಲ ಹಪ್ಪಳ ಹರವೋದು, ಕೆಳಗ ಸ್ಟೋವ್ ಹಚ್ಚೋದು. ಮಳಿ ಹೊರಗ ಸುರೀಲಿ, ಒಳಗ ಹಪ್ಪಳ ಒಣಗಿದ್ವು. ಇಷ್ಟ ಉಪಾಯ. ಇದಕ್ಕ ದೊಡ್ಡ ಮಷಿನ್ ಬೇಕಾಗಲಿಲ್ಲ, ದೊಡ್ಡ ಸಾಲ ಬೇಕಾಗಲಿಲ್ಲ. ಹ್ವಾದ ವರ್ಷ ಯಾವುದು ಕಾಡಿತ್ತು ಅನ್ನೂದನ್ನ ನೆನಪಿಟ್ಟು, ಈ ವರ್ಷ ಅದು ಬರೋ ಮೊದಲ ತಯಾರಿ ಮಾಡ್ಕೊಂಡ್ರು.

ಇನ್ನೊಂದು ಸಂಗತಿ ನನಗ ಭಾಳ ಹಿಡಿಸ್ತು. ಶುರುವಿನಾಗ ಅವರು 2 ಥರಾ ಹಪ್ಪಳ ಮಾಡ್ತಿದ್ರಂತ, ಛಲೋದು ಒಂದು, ಕಡಿಮಿ ರೊಕ್ಕದ್ದು ಒಂದು. ಛಗನ್‌ಬಾಪಾ ಅದನ್ನ ಬಿಡಿಸಿದ್ರು. ಒಂದ ಥರಾ ಮಾಡ್ರಿ, ಛಲೋದನ್ನ ಮಾಡ್ರಿ, ಲೆಕ್ಕ ಬರೋಬ್ಬರಿ ಬರೀರಿ ಅಂತ ತಿಳಿಸಿ ಹೇಳಿದ್ರು. ನನಗನಸ್ತದ, ಇದರಾಗ ವ್ಯಾಪಾರದ ಬುದ್ಧಿ ಎಷ್ಟದನೋ ಮನಸ್ಸಿನ ಸಮಾಧಾನನೂ ಅಷ್ಟ ಅದ. 2 ಥರಾ ಮಾಲು ಅಂದ್ರ 2 ಹಿಟ್ಟು, 2 ದರ, ಯಾರಿಗೆ ಯಾವುದು ಹೋತು ಅಂತ ನೂರಾ ಎಂಟು ವಿಚಾರ. ಒಂದ ಥರಾ ಆದ್ರ ಕೈಗೆ ರೂಢಿ ಆಗ್ತದ, ತಲಿಗೆ ಭಾರ ಇರಂಗಿಲ್ಲ. ನಮ್ಮೊಳಗ ಕೆಲವ್ರು ಚಕ್ಕುಲಿ, ಕೋಡಬಳಿ, ಲಾಡು, ಕರದಂಟು, ಉಪ್ಪಿನಕಾಯಿ, ಮ್ಯಾಲ ಬ್ಲೌಸ್ ಕುಚ್ಚು, ಎಲ್ಲಾ ನಾನ ಮಾಡ್ತೀನಿ ಅಂತ ಹೊಂಟಿರ್ತಾರ. ಅವರು ಇದನ್ನೊಮ್ಮೆ ವಿಚಾರ ಮಾಡಬೇಕು.

ಮೊದಲ ವರ್ಷದ ಒಟ್ಟು ವ್ಯಾಪಾರ 6,196 ರೂಪಾಯಿ. ಮುರದ ಹಪ್ಪಳ ಒಗೀಲಿಲ್ಲ, ಮಾರಲೂ ಇಲ್ಲ, ಆಜುಬಾಜು ಮನಿಗೆ ಹಂಚಿದ್ರು. ಎರಡನೇ ವರ್ಷ 100-150 ಹೆಣ್ಮಕ್ಕಳು, ಮೂರನೇ ವರ್ಷ ಮುಗಿಯೂದ್ರಾಗ 300ಕ್ಕಿಂತ ಹೆಚ್ಚು. ಮಾಳಿಗಿ ಸಾಲಲಿಲ್ಲ. ಆಗ ಅವರು ಮಾಡಿದ ವ್ಯವಸ್ಥಾ ಇವತ್ತಿಗೂ ನಡದದ. ಹಿಟ್ಟು ನಾದೋದು ಶಾಖಿಯೊಳಗ. ಮುಂಜಾನೆ ಹೆಣ್ಮಕ್ಕಳು ಬಂದು ನಾದಿದ ಹಿಟ್ಟು ತುಗೊಂಡು ಮನಿಗೆ ಹೋಗೋದು, ಮನಿಯಾಗ ಲಟ್ಟಿಸಿ ಒಣಗಿಸಿ ಮರುದಿನ ತಂದು ತೂಗಿ ಕೊಡೋದು. ಲಟ್ಟಿಸಿದ್ದಕ್ಕ ತೂಕದ ಮ್ಯಾಲ ಕೂಲಿ, ಅದಕ್ಕ ವಣಾಯಿ ಅಂತಾರ. ಪ್ಯಾಕ್ ಮಾಡೋರು ಬ್ಯಾರೆ, ಮಾರೋರು ಬ್ಯಾರೆ.

ನಾವು ಒಬ್ಬೊಬ್ರ ಉದ್ಯೋಗ ಮಾಡೋರು ಏನು ಮಾಡ್ತೀವಿ? ಹಿಟ್ಟು ತರೋದೂ ನಾವ, ನಾದೋದೂ ನಾವ, ಲಟ್ಟಿಸೋದೂ ನಾವ, ಫೋನ್ ಎತ್ತೋದೂ ನಾವ, ಕೊರಿಯರ್‌ಗೆ ಕೊಡೋದೂ ನಾವ, ರೊಕ್ಕ ಕೇಳೋದೂ ನಾವ. ಈ ಕಡಿಗಿಂದು, "ರೊಕ್ಕ ಕೇಳೋದು", ಇದು ಎಲ್ಲಾಕ್ಕಿಂತ ತ್ರಾಸು. ಲಿಜ್ಜತ್‌ದಾಗ ಲಟ್ಟಿಸೋ ಹೆಣ್ಮಗಳಿಗೆ ಮಾರೋ ಚಿಂತಿ ಇಲ್ಲ, ಗಿರಾಕಿ ಹಿಂದ ತಿರುಗೋ ಚಿಂತಿ ಇಲ್ಲ. ಮಾಲು ಒಯ್ಯೋ ವಿತರಕರು ಮಾಲು ಕೈಗೆ ಬಂದ ಕೂಡ್ಲೆ ರೊಕ್ಕ ಕೊಡಬೇಕು. ಹಿಂಗ ಉದ್ರಿ ಕಟ್ಟಾದ ಮ್ಯಾಲ ರಾತ್ರಿ ನಿದ್ದಿ ಕೆಡಸೋ ಲೆಕ್ಕದೊಳಗ ಅರ್ಧ ಹ್ವಾದಂಗ.

ಇನ್ನ ಯಜಮಾನಿಕಿ ವಿಷಯ. ಅಲ್ಲಿ ದುಡಿಯೋ ಹೆಣ್ಮಕ್ಕಳೆಲ್ಲ ಒಡತ್ಯಾರು. ದೊಡ್ಡಾಕಿ ಸಣ್ಣಾಕಿ ಅಂತಿಲ್ಲ, ಎಲ್ಲಾರೂ ಒಬ್ರಿಗೊಬ್ರು ಬೆನ್, ಅಂದ್ರ ಅಕ್ಕ-ತಂಗಿ. ಗಂಡಸರು ಲೆಕ್ಕ ಬರಿಯಾಕ, ಗಾಡಿ ಹೊಡಿಯಾಕ ಪಗಾರದ ಮ್ಯಾಲ ಇರ್ತಾರ, ಸದಸ್ಯರಾಗಂಗಿಲ್ಲ. ಲಾಭ ಬಂದ್ರ ಹಂಚೋದು, ಲುಕ್ಸಾನಾದ್ರೂ ಹಂಚಿಕೊಳ್ಳೋದು. ಲುಕ್ಸಾನ ಹಂಚಿಕೊಳ್ಳೋದು ಅನ್ನೋ ಮಾತು ಸಣ್ಣದಲ್ಲ. ಒಬ್ಬಾಕಿ ತಲಿ ಮ್ಯಾಲ 10,000 ರೂಪಾಯಿ ಲುಕ್ಸಾನ ಬಿತ್ತಂದ್ರ ಆಕಿ ಮನಿ ಮುರೀತದ, 100 ಮಂದಿ ಮ್ಯಾಲ ಬಿತ್ತಂದ್ರ ತಲಿಗೆ 100 ರೂಪಾಯಿ. ಲುಕ್ಸಾನ ಅಷ್ಟ, ಆದ್ರ ತೂಕ ಅಷ್ಟಲ್ಲ.

ಅವರು ಎಲ್ಲಾದ್ರಾಗೂ ಗೆದ್ರು ಅಂತ ತಿಳೀಬ್ಯಾಡ್ರಿ. 1961ರಾಗ ಮಲಾಡ್‌ದಾಗ ಶಾಖೆ ತೆಗಿಯಾಕ ಹೋದ್ರು, ಆಗಲಿಲ್ಲ. ಮುಂದ ಬೆಂಕಿಪೊಟ್ಟಣ, ಊದಿನಕಡ್ಡಿ, ಚರ್ಮದ ಸಾಮಾನು ಇವನ್ನೂ ಮಾಡಿ ನೋಡಿದ್ರು, ಹತ್ತಲಿಲ್ಲ, ಬಿಟ್ರು. ಖಾಖ್ರಾ, ಮಸಾಲಿ ಪುಡಿ, ಸಾಸಾ ಅನ್ನೋ ಅರಬಿ ಒಗಿಯೋ ಪುಡಿ, ಇವು ಹತ್ತಿದ್ವು, ಇಟ್ಕೊಂಡ್ರು. ಶುರು ಮಾಡಿದ್ದನ್ನ ಬಿಟ್ರ ಮಂದಿ ಏನಂತಾರ ಅನ್ನೋ ಚಿಂತಿಗೆ ನಮ್ಮೊಳಗ ಎಷ್ಟೋ ಮಂದಿ ನಷ್ಟದ ಉದ್ಯೋಗ ಎಳಕೊಂಡು ಹೋಗ್ತಿರ್ತೀವಿ. ಬಿಡೋದು ಸೋಲಲ್ಲ ಅಂತ ಇವರನ್ನ ನೋಡಿ ಕಲೀಬೇಕು. 1966ರಾಗ ಲಿಜ್ಜತ್ ಸಂಸ್ಥಾ ಅಂತ ನೋಂದಣಿ ಆತು, ಅದ ವರ್ಷ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮಾನ್ಯತಾ ಸಿಕ್ತು. ಈಗ ಸುಮಾರು 45,000 ಹೆಣ್ಮಕ್ಕಳು ಅದರಾಗ ದುಡೀತಾರ, ನಮ್ಮ ಕರ್ನಾಟಕದಾಗೂ ಶಾಖೆ ಅದಾವ.

ಹಂಗಂತ ಎಲ್ಲಾ ಬೆಣ್ಣಿಯಂಗ ಅದ ಅಂತ ನಾನು ಹೇಳಂಗಿಲ್ಲ. ದಿನಾ ಕಿಲೋಗಟ್ಟಲೆ ಹಪ್ಪಳ ಲಟ್ಟಿಸಿದ್ರ ರಟ್ಟಿ, ಟೊಂಕ ಹಿಡೀತಾವ. ತೂಕದ ಮ್ಯಾಲ ಕೂಲಿ ಅಂದ್ರ ಜ್ವರ ಬಂದ ದಿನ ಕೂಲಿ ಇಲ್ಲ. ಮನಿಯಾಗ ಕೂತು ಮಾಡೋ ಕೆಲಸಕ್ಕ ಮನಿಯವ್ರು "ಮನಿಯಾಗ ಇದ್ದಾಳಲ್ಲ" ಅಂತ ಎಲ್ಲಾ ಕೆಲಸ ಹಚ್ಚೋದು ಮುಂಬೈಯಾಗೂ ಇದ್ದದ್ದ, ಇಲ್ಲೂ ಇದ್ದದ್ದ. ಆದ್ರ ಒಬ್ಬಾಕೀನ ಎಲ್ಲಾ ಹೊರೋದು ಮಾತ್ರ ತಪ್ಪಿತು.

ಎರಡನೇದು ಖಾನಾವಳಿ ಹೆಣ್ಮಕ್ಕಳ ಕಥಿ. ಇದೂ ಮುಂಬೈಯದ. ಖಾನಾವಳಿ ಅಂದ್ರ ಹುಬ್ಬಳ್ಳಿ-ಧಾರವಾಡದ ನಮಗ ಗೊತ್ತ ಅದ, ರೊಟ್ಟಿ ಪಲ್ಯಾ ಊಟದ ಮನಿ. ಮುಂಬೈಯ ಗಿರಣಗಾಂವ್‌ದಾಗ, ಅಂದ್ರ ಬಟ್ಟಿ ಗಿರಣಿ ಇದ್ದ ಭಾಗದಾಗ, ಖಾನಾವಳಿ ಅಂದ್ರ ಒಂದ ಖೋಲಿ ಮನಿ. ಕೊಂಕಣ, ಸಾತಾರಾ, ಕೊಲ್ಹಾಪುರ ಕಡಿಂದ ಗಂಡಸರು ಹೆಂಡ್ತಿ ಮಕ್ಕಳನ್ನ ಊರಾಗ ಬಿಟ್ಟು ಗಿರಣಿ ಕೆಲಸಕ್ಕ ಬರ್ತಿದ್ರು. ಅವರಿಗೆ ಊಟ ಹಾಕೋರು ಯಾರು? ಅಲ್ಲೇ ಚಾಳಿನ್ಯಾಗಿದ್ದ ಹೆಣ್ಮಕ್ಕಳು. ಗಿರಣಿ 3 ಪಾಳಿ, ಹಂಗಾಗಿ ಇವರ ಒಲಿನೂ 3 ಪಾಳಿ.

ಊಟದ ರೊಕ್ಕ ಬರೋದು ತಿಂಗಳಿಗೊಮ್ಮೆ, ಗಿರಣಿ ಪಗಾರ ಆದ ಮ್ಯಾಲ. ಅಕ್ಕಿ, ಹಿಟ್ಟು, ಎಣ್ಣಿ ಮಾತ್ರ ದಿನಾ ಬೇಕು. ಅಂಗಡಿಯವ ಉದ್ರಿ ಕೊಡ್ತಿದ್ದ, ಹೆಚ್ಚಿನ ದರಕ್ಕ. ಸಾವಕಾರ ಸಾಲ ಕೊಡ್ತಿದ್ದ, ಮೈ ಹಿಂಡೋ ಬಡ್ಡಿಗೆ. ಕೆಲವ್ರು ತಾಳಿನೂ ಒತ್ತಿ ಇಡ್ತಿದ್ರು. ಗಿರಣಿಯಾಗ ಮುಷ್ಕರ ಆತಂದ್ರ ಊಟ ಮಾಡೋರ ಕಡೆ ರೊಕ್ಕ ಇಲ್ಲ, ಆದ್ರ ಹಸದ ಹೊಟ್ಟಿಗೆ ಹೋಗು ಅನ್ನಾಕ ಬಾಯಿ ಬರಂಗಿಲ್ಲ. ಇಂಥಾ ಕಡೆ ಟೆನ್ಶನ್ ತಲಿಯೊಳಗ ಹುಟ್ಟಿದ್ದಲ್ಲ, ಸಾವಕಾರನ ವಹಿಯೊಳಗ ಹುಟ್ಟಿದ್ದು.

ಪ್ರೇಮಾ ಪುರವ್ ಅನ್ನೋರು ಗೋವಾದ ಸ್ವಾತಂತ್ರ್ಯ ಹೋರಾಟದಾಗ ಇದ್ದವ್ರು, ಆಮ್ಯಾಲ ಮುಂಬೈಯ ಕಾರ್ಮಿಕರ ನಡುವ ಕೆಲಸ ಮಾಡಿದವ್ರು. ಅವರು 1975ರಾಗ ಈ ಹೆಣ್ಮಕ್ಕಳನ್ನ ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ರು. 1969ರಾಗ 14 ದೊಡ್ಡ ಬ್ಯಾಂಕು ರಾಷ್ಟ್ರೀಕರಣ ಆಗಿದ್ವು, ಬಡವರಿಗೂ ಸಾಲ ಕೊಡಬೇಕು ಅನ್ನೋ ಮಾತು ನಡದಿತ್ತು. ಪ್ರೇಮಾತಾಯಿ ಅದನ್ನ ಹಿಡಕೊಂಡು ಬ್ಯಾಂಕಿಗೆ ಹೋದ್ರು. ಅಡವು ಇಡಾಕ ಬಂಗಾರ ಇಲ್ಲ, ಮನಿ ಇಲ್ಲ. ಒಬ್ರಿಗೊಬ್ರು ಜಾಮೀನು ನಿಂತು ಗುಂಪಿನ ಮ್ಯಾಲ ಸಾಲ ತುಗೊಂಡ್ರು, ಸಾವಕಾರನ ಕೈಯಿಂದ ಬಿಡಿಸಿಕೊಂಡ್ರು. ಬ್ಯಾಂಕಿನ ಬಾಗಲಾ ಎಂದೂ ನೋಡದವ್ರು ಬ್ಯಾಂಕಿಗೆ ಕಂತು ಕಟ್ಟಾಕ ಹೊಂಟ್ರು.

1982ರ ಜನವರಿ 18ಕ್ಕ ದತ್ತಾ ಸಾಮಂತರ ಮುಂದಾಳತನದಾಗ ದೊಡ್ಡ ಗಿರಣಿ ಮುಷ್ಕರ ಶುರು ಆತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗ ಬಂದ್ರು. ಎಷ್ಟೋ ಮಂದಿ ಮತ್ತ ಗಿರಣಿ ಮೆಟ್ಟಲಾ ಹತ್ತಲೇ ಇಲ್ಲ. ಊಟ ಮಾಡೋರೇ ಊರಿಗೆ ಹೋದ ಮ್ಯಾಲ ಖಾನಾವಳಿ ಯಾರಿಗೆ? ಆಗ ಒಂಟಿಯಾಗಿದ್ದವ್ರಿಗೂ ಮಂಡಳದಾಗಿದ್ದವ್ರಿಗೂ ಫರಕು ಕಾಣಿಸ್ತು. ಮಂಡಳದವ್ರು ಕೂಡಿ ಅಡಗಿ ಮಾಡಿ ಹೊರಗಿನ ಊಟದ ಆರ್ಡರ್ ಹಿಡಿಯೋ ದಾರಿಗೆ ಹತ್ತಿದ್ರು. ಕೈಯಾಗಿನ ಕೆಲಸ ಅದ, ಆದ್ರ ಗಿರಾಕಿ ಬದಲ. ಒಂದ ಥರದ ಗಿರಾಕಿ ಮ್ಯಾಲ ಪೂರಾ ಜೀವ ಇಡಬಾರದು ಅನ್ನೂದನ್ನ ಆ ಮುಷ್ಕರ ಹೇಳಿಕೊಟ್ಟಿತು. ಪ್ರೇಮಾ ಪುರವ್ ಅವರಿಗೆ 2002ರಾಗ ಪದ್ಮಶ್ರೀ ಕೊಟ್ರು.

ಮೂರನೇದು ಅಹಮದಾಬಾದಿನ ಸೇವಾ ಸಂಸ್ಥಾ. ಇಳಾ ಭಟ್ ಅಂತ ವಕೀಲರು, ಗಿರಣಿ ಕಾರ್ಮಿಕರ ಸಂಘದ ಮಹಿಳಾ ವಿಭಾಗ ನೋಡ್ಕೊಳ್ತಿದ್ರು. ತಲಿ ಮ್ಯಾಲ ಗಂಟು ಹೊರೋರು, ಹಳೇ ಅರಬಿ ಮಾರೋರು, ಕಾಯಿಪಲ್ಯಾ ಮಾರೋರು, ಬೀಡಿ ಕಟ್ಟೋರು, ಇವರನ್ನೆಲ್ಲ ಕೂಡಿಸಿ 1972ರಾಗ ಸಂಘ ನೋಂದಣಿ ಮಾಡಸಾಕ ಹೋದ್ರು. ಸರ್ಕಾರಿ ಕಚೇರಿಯವ್ರು ಕೇಳಿದ್ದು, ನಿಮಗ ಮಾಲಕ ಯಾರು? ಮಾಲಕ ಇಲ್ಲದ ಮ್ಯಾಲ ಯಾರ ವಿರುದ್ಧ ಸಂಘ? ಇಳಾಬೆನ್ ಪಟ್ಟು ಬಿಡಲಿಲ್ಲ, ಸಂಘ ಇರೋದು ಯಾರ ವಿರುದ್ಧನೂ ಅಲ್ಲ, ದುಡಿಯೋರು ಒಂದಾಗಾಕ ಅಂತ ವಾದ ಮಾಡಿ ನೋಂದಣಿ ಮಾಡಿಸಿದ್ರು. ಇದು ನಮಗೂ ಬೇಕಾದ ಮಾತು. ಮನಿಯಾಗ ಉದ್ಯೋಗ ಮಾಡೋಕಿಗೆ ಮಾಲಕ ಇಲ್ಲ, ಅದಕ್ಕ ಆಕಿ ಕಷ್ಟನೂ ಯಾರಿಗೂ ಕಾಣಂಗಿಲ್ಲ. ರಜಾ ಯಾರಿಗೆ ಕೇಳಬೇಕು? ತನಗ ತಾನ ಕೇಳಬೇಕು, ತನಗ ತಾನ ಇಲ್ಲ ಅನ್ನಬೇಕು.

ಕಾಯಿಪಲ್ಯಾ ಮಾರೋಕಿ ಮುಂಜಾನೆ ಸಾಲ ತಂದು ಮಾಲು ಹಿಡಿದು, ಸಂಜಿಗೆ ಬಡ್ಡಿ ಸಹಿತ ತಿರುಗಿ ಕೊಡ್ತಿದ್ಲು. ಮರುದಿನ ಮತ್ತ ಸಾಲ. ಉಳಿದದ್ದು ಮನಿಗೆ ಒಯ್ದ್ರ ಅಲ್ಲಿ ಗಂಡ, ಮಗ ಕೈ ಚಾಚಿ ನಿಂತಿರ್ತಿದ್ರು. ಬ್ಯಾಂಕಿಗೆ ಹೋದ್ರ ಸಹಿ ಬರಂಗಿಲ್ಲ ಅಂತ ತಿರುಗಿ ಕಳಿಸ್ತಿದ್ರು. ಅದಕ್ಕ 1974ರಾಗ ಈ ಹೆಣ್ಮಕ್ಕಳು ತಮ್ಮದ ಬ್ಯಾಂಕ್ ತೆಗದ್ರು. 4,000 ಮಂದಿ, ತಲಿಗೆ 10 ರೂಪಾಯಿ ಷೇರು. ಸಹಿ ಬರದವ್ರಿಗೆ ಏನು ಮಾಡಿದ್ರು ಗೊತ್ತೇನು? ಪಾಸ್‌ಬುಕ್ಕಿನ ಮ್ಯಾಲ ಫೋಟೋ ಹಚ್ಚಿದ್ರು. ಮಾರಿ ನೋಡಿ ರೊಕ್ಕ ಕೊಡೋದು. ಓದಾಕ ಬರಲಾರದವ್ರ ಅಂಜಿಕಿ ಒಂದು ಫೋಟೋದಾಗ ಹೋತು.

ಆ ಬ್ಯಾಂಕಿನಿಂದ ಆದ ದೊಡ್ಡ ಉಪಕಾರ ಸಾಲ ಅಲ್ಲ, ಉಳಿತಾಯ ಅಂತ ನನಗನಸ್ತದ. ಆಕಿ ಹೆಸರಿನ್ಯಾಗ ಆಕಿ ರೊಕ್ಕ. ಆಮ್ಯಾಲ ಒಂದೊಂದ ಚಿಂತಿ ಹಿಡಕೊಂಡು ಒಂದೊಂದು ವ್ಯವಸ್ಥಾ ಮಾಡ್ಕೋತ ಹೋದ್ರು. ಕೂಸನ್ನ ಬಿಸಲಾಗ ಗಾಡಿ ಕೆಳಗ ಮಲಗಿಸಿ ವ್ಯಾಪಾರ ಮಾಡೋ ಸಂಕಟಕ್ಕ ಬಾಲವಾಡಿ ತೆಗದ್ರು. ಜಡ್ಡು, ಸಾವು, ಬೆಂಕಿ, ನೀರಿನ ಅಂಜಿಕಿಗೆ 1992ರಿಂದ ವಿಮಾ ಯೋಜನಾ ನಡಿಸಿದ್ರು. ಇಳಾಬೆನ್ 2022ರ ನವೆಂಬರದಾಗ ತೀರಿಕೊಂಡ್ರು, ಆದ್ರ ಸೇವಾ ಬ್ಯಾಂಕ್ ನಡದ ಅದ.

ನಮ್ಮ ಕರ್ನಾಟಕದ್ದೂ ಹೇಳಬೇಕಲ್ಲ. 1980ರ ದಶಕದ ನಡುವ ಮೈರಾಡಾ ಅನ್ನೋ ಬೆಂಗಳೂರಿನ ಸಂಸ್ಥಾ ಹಳ್ಳಿಯೊಳಗ ಕೆಲಸ ಮಾಡುವಾಗ, ದೊಡ್ಡ ಸಹಕಾರಿ ಸಂಘ ಒಡದು ಜನ ತಾವ ಸಣ್ಣ ಸಣ್ಣ ಗುಂಪಾದ್ರು. ತಮಗ ನಂಬಿಗಿ ಇದ್ದವ್ರಷ್ಟ ಕೂಡಿ ರೊಕ್ಕ ಉಳಿಸಿ ಒಬ್ರಿಗೊಬ್ರು ಸಾಲ ಕೊಡೋದು. ಅದನ್ನ ನೋಡಿ ನಬಾರ್ಡ್ 1992ರಾಗ 500 ಗುಂಪಿಗೆ ಬ್ಯಾಂಕ್ ಸಾಲ ಜೋಡಿಸೋ ಪ್ರಯೋಗ ಶುರು ಮಾಡ್ತು. 2000-01ರಾಗ ನಮ್ಮ ರಾಜ್ಯದಾಗ ಸ್ತ್ರೀಶಕ್ತಿ ಯೋಜನಾ ಬಂತು, ನಿಮ್ಮೊಳಗ ಎಷ್ಟೋ ಮಂದಿ ಅದರಾಗಿದ್ದೀರಿ. ಇನ್ನ ಬೆಂಗಳೂರಿನಾಗ 1983ರಾಗ ಅವೇಕ್ ಅಂತ ಮಹಿಳಾ ಉದ್ಯಮಿಗಳ ಸಂಘ ಆತು. ಅಲ್ಲಿ ಉದ್ಯಮ ನಡೆಸಿ ಪೆಟ್ಟು ತಿಂದ ಹೆಣ್ಮಕ್ಕಳ ಹೊಸಬರಿಗೆ ದಾರಿ ಹೇಳ್ತಾರ. ಹಿಂಗ ತಿಳದವ್ರು ಹೇಳಿದ್ರ ಅರ್ಧ ಅಂಜಿಕಿ ಹೋಗ್ತದ.

ಸ್ತ್ರೀಶಕ್ತಿ ಗುಂಪಿನ ವಾರದ ಸಭಾ ಅಂದ್ರ ಬರೇ ರೊಕ್ಕ ಕಟ್ಟೋದು ಅಂತ ಮನಿಯವ್ರು ತಿಳ್ಕೊಂಡಿರ್ತಾರ. ಆದ್ರ ಅಲ್ಲಿ ಕೂತವ್ರಿಗೆ ಗೊತ್ತು, ರೊಕ್ಕ ಎಣಿಸೋದು 10 ಮಿನಿಟು, ಮನಸ್ಸು ಹಗುರ ಮಾಡ್ಕೊಳ್ಳೋದು 1 ತಾಸು. ಅದನ್ನ ಹರಟಿ ಅಂದವ್ರು ಅನ್ಲಿ.

ಆದ್ರ ಇಲ್ಲೊಂದು ಎಚ್ಚರಿಕಿ ಮಾತು ಹೇಳಲೇಬೇಕು. ಸಾಲ ಸಿಕ್ಕ್ರ ಟೆನ್ಶನ್ ಹೋಗ್ತದ ಅನ್ನೋದು ಅರ್ಧ ಖರೇ. ಈಗ ಮನಿ ಬಾಗಲಿಗೆ ಬಂದು ಸಾಲ ಕೊಡೋರು ಹೆಚ್ಚಾಗ್ಯಾರ. ಒಂದ್ ಕಡೆ ಸಾಲದ ಕಂತು ಕಟ್ಟಾಕ ಇನ್ನೊಂದು ಕಡೆ ಸಾಲ, ಅದಕ್ಕ ಮತ್ತೊಂದು ಕಡೆ. ವಸೂಲಿಗೆ ಬಂದವ್ರ ಕಾಟಕ್ಕ ಮನಿಗೆ ಕೀಲಿ ಹಾಕಿ ಊರು ಬಿಟ್ಟವ್ರ ಸುದ್ದಿ ನಾವೆಲ್ಲ ಪೇಪರಿನ್ಯಾಗ ಓದೀವಿ. ಅದಕ್ಕ 2025ರ ಫೆಬ್ರುವರಿಯಾಗ ರಾಜ್ಯ ಸರ್ಕಾರ ಇಂಥಾ ಕಾಟದ ವಸೂಲಿ ತಡಿಯಾಕ ಸುಗ್ರೀವಾಜ್ಞೆ ತಂತು. ಪ್ರೇಮಾತಾಯಿ ಸಾವಕಾರನ ವಹಿಯಿಂದ ಬಿಡಿಸಿದ್ರಲ್ಲ, ಅದ ವಹಿ ಈಗ ಮೊಬೈಲಿನ್ಯಾಗ ಕೂತದ. ಗುಂಪಿನಾಗಿದ್ದೂ ಗುಂಪಿಗೆ ಗೊತ್ತಾಗದಂಗ ಬ್ಯಾರೆ ಸಾಲ ಮಾಡಿದಾಕಿ ಎಲ್ಲಾರ ನಡುವ ಕೂತ್ರೂ ಒಂಟೀನ.

ಇದರ ಜೋಡಿ ಇನ್ನೊಬ್ಬಾಕಿ ನೆನಪಾಗ್ತಾಳ. 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ. ರಾಯಚೂರು ಜಿಲ್ಲಾದ ಅಮರೇಶ್ವರದ ಕಡಿಂದ ಕಲ್ಯಾಣಕ್ಕ ಬಂದ ಗಂಡ-ಹೆಂಡ್ತಿ. ಗಂಡ ಮಾರಯ್ಯ ನೆಲದ ಮ್ಯಾಲ ಬಿದ್ದ ಅಕ್ಕಿ ಆರಿಸಿ ತರೋದು, ಅದರಾಗ ದಾಸೋಹ, ಅದರಾಗ ಜೀವನ. ಒಂದಿನ ಆತ ದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗ ಬ್ಯಾಡ, ಹೊಳ್ಳಿ ಹಾಕಿ ಬಾ ಅಂತ ಲಕ್ಕಮ್ಮ ತಿರುಗಿ ಕಳಿಸಿದಳು ಅಂತ ಕಥಿ. ಇದನ್ನ ಭಕ್ತಿ ಕಥಿ ಅಂತ ನಾವು ಸಣ್ಣವರಿದ್ದಾಗಿಂದ ಕೇಳೀವಿ. ಉದ್ಯೋಗ ಮಾಡೋ ಹೆಣ್ಮಕ್ಕಳು ಇನ್ನೊಂದು ಥರಾ ಕೇಳಿ ನೋಡ್ರಿ. ದಿನಕ್ಕ ಎಷ್ಟು ಬೇಕು ಅನ್ನೋ ಅಳತಿ ಆಕಿ ಕೈಯಾಗಿತ್ತು. ಆ ಅಳತಿ ನಮ್ಮ ಕೈಯಾಗ ಇಲ್ಲದ್ದಕ್ಕ ನಾವು ಬಂದ ಆರ್ಡರ್ ಎಲ್ಲಾ ಹಿಡದು ರಾತ್ರಿ 2ರ ತನಕ ಒಲಿ ಮುಂದ ಇರ್ತೀವಿ. ಬಡತನಕ್ಕ ಸುಮ್ನ ಇರ್ರಿ ಅಂತ ಇದರ ಅರ್ಥ ಅಲ್ಲ, ಮೈಗೆ ಆಗೋದಕ್ಕಿಂತ ಹೆಚ್ಚು ಹೊತಗೋಬ್ಯಾಡ್ರಿ ಅಂತ.

ನಮ್ಮ ಕಡೆ ಒಬ್ಬಾಕಿ ರೊಟ್ಟಿ ಉದ್ಯೋಗ ಮಾಡ್ತಾಳ, ಹೆಸರು ಬ್ಯಾಡ. ಮದುವಿ ಸೀಜನ್ನಿನ್ಯಾಗ ಆಕಿಗೆ ಬ್ಯಾಡ ಅನ್ನಾಕ ಬರ್ತಿರಲಿಲ್ಲ. ಬ್ಯಾಡ ಅಂದ್ರ ಗಿರಾಕಿ ಬ್ಯಾರೆ ಕಡೆ ಹೋದಾರು ಅಂತ ಅಂಜಿಕಿ. ಮಣಿಕಟ್ಟು ಬಾತು ಚಮಚಾ ಹಿಡಿಯಾಕ ಆಗದಂಗಾತು, ಮಕ್ಕಳ ಮ್ಯಾಲ ಸಿಡಿಮಿಡಿ, ಎಲ್ಲಾ ಬಂದ್ ಮಾಡ್ತೀನಿ ಅಂತ ಅಳಾಕ ಹತ್ತಿದ್ಲು. ಕಡೀಕ ಆಜುಬಾಜು 3 ಮನಿಯವ್ರು ಕೂಡಿ ಒಂದು ಕಟ್ಟು ಮಾಡಿದ್ರು. ಯಾರಿಗೆ ಆರ್ಡರ್ ಬಂದ್ರೂ ಒಂದ ವಹಿಯೊಳಗ ಬರಿಯೋದು, ಒಂದು ಮನಿಗೆ ದಿನಕ್ಕ 150 ರೊಟ್ಟಿ ಮ್ಯಾಲ ಇಲ್ಲ, ಹೆಚ್ಚಾದದ್ದು ಮುಂದಿನ ಮನಿಗೆ. ಹಿಟ್ಟು ಕೂಡೇ ತರಿಸೋದು. ಅಮಾಸಿ ದಿನ ಯಾರೂ ಒಲಿ ಹಚ್ಚೋದಿಲ್ಲ. ಗಳಿಕಿ ಆಕಿದು ಮೊದಲಿನಕಿಂತ ಸ್ವಲ್ಪ ಕಡಿಮಿ ಆತು, ಸುಳ್ಳು ಹೇಳೋದಿಲ್ಲ. ಆದ್ರ ಉದ್ಯೋಗ ಉಳೀತು, ಆಕಿನೂ ಉಳದ್ಲು. ಲಿಜ್ಜತ್ತಿನ ಕಥಿ ಆಕಿಗೆ ಗೊತ್ತಿರಲಿಲ್ಲ. ಕಷ್ಟ ಒಂದ ಇದ್ದಾಗ ಉಪಾಯನೂ ಅದರಂಗ ಹೊಳೀತದ.

ಈ ಎಲ್ಲಾ ಕಥಿಯೊಳಗಿಂದ ನಾನು ನನಗಂತ ಬರಕೊಂಡದ್ದು ಇಷ್ಟು. ಯಾವ ತಿಂಗಳು ನಿಮಗ ಕಾಡ್ತದ, ಮಳಿಗಾಲನೋ ಮಕ್ಕಳ ಪರೀಕ್ಷಾನೋ, ಅದನ್ನ ಕ್ಯಾಲೆಂಡರಿನ್ಯಾಗ ಮೊದಲ ಗುರ್ತು ಮಾಡ್ರಿ, ಹೊರಸು-ಸ್ಟೋವ್ ತಯಾರ್ ಇಟ್ಕೊಳ್ರಿ. ಮಾಲು ಕಡಿಮಿ ಥರಾ ಮಾಡ್ರಿ, ಛಲೋ ಮಾಡ್ರಿ. ಉದ್ಯೋಗದ ರೊಕ್ಕ ಬ್ಯಾರೆ ಖಾತೇದಾಗ, ನಿಮ್ಮ ಹೆಸರಿನ್ಯಾಗ ಇರ್ಲಿ. ಉದ್ರಿಗೆ ಮಿತಿ ಹಾಕ್ರಿ, ಸ್ವಂತ ತಂಗಿಯಾದ್ರೂ. ಒಬ್ಬ ಗಿರಾಕಿ ಮ್ಯಾಲ ಪೂರಾ ನಿಲ್ಲಬ್ಯಾಡ್ರಿ. ಹತ್ತದ ಕೆಲಸ ಬಿಡಾಕ ನಾಚಬ್ಯಾಡ್ರಿ. ಲಗೂನ ಇನ್ನೊಬ್ಬಾಕಿ ಜೋಡಿ ಕೂಡ್ರಿ, 2 ಮನಿಯಾದ್ರೂ ಸಾಕು.

ಇಷ್ಟೆಲ್ಲಾ ಮಾಡಿದ್ರೂ ಕೆಲವೊಮ್ಮೆ ಮನಸ್ಸಿನ ಭಾರ ಇಳಿಯಂಗಿಲ್ಲ. ವಾರಗಟ್ಟಲೆ ನಿದ್ದಿ ಇಲ್ಲ, ಊಟ ಸೇರಂಗಿಲ್ಲ, ಸುಮ್ಮ ಸುಮ್ನ ಅಳು ಬರ್ತದ, ಇರೋದ ಬ್ಯಾಡ ಅನಸ್ತದ, ಅಂಥಾ ಹೊತ್ತಿನ್ಯಾಗ ಅದನ್ನ ಸೊಕ್ಕು, ಸೋಗು ಅಂತ ಯಾರರ ಅಂದ್ರ ಕಿವಿ ಮ್ಯಾಲ ಹಾಕೋಬ್ಯಾಡ್ರಿ. ಮಣಿಕಟ್ಟು ಬಾತ್ರ ಡಾಕ್ಟರ್ ಕಡೆ ಹೋಗಂಗಿಲ್ಲೇನು? ಇದೂ ಹಂಗ. 2022ರ ಅಕ್ಟೋಬರದಿಂದ ಸರ್ಕಾರದ ಟೆಲಿ ಮಾನಸ್ ಅಂತ ಒಂದು ಫೋನ್ ಸೇವಾ ಅದ, ನಂಬರ್ 14416. ರೊಕ್ಕ ಬೀಳಂಗಿಲ್ಲ, ಹಗಲು ರಾತ್ರಿ ಇರ್ತದ, ಕನ್ನಡದಾಗ ಮಾತಾಡಬಹುದು. ಈ ನಂಬರನ್ನ ಅಡಗಿಮನಿ ಕ್ಯಾಲೆಂಡರಿನ ಮ್ಯಾಲ ಬರದು ಇಡ್ರಿ, ನಿಮಗ ಬ್ಯಾಡಾದ್ರ ಮತ್ತೊಬ್ಬಾಕಿಗೆ ಬೇಕಾದೀತು.

ದೀಪಾವಳಿ ಫರಾಳದ ಆರ್ಡರ್ ಇನ್ನೇನು ಶುರು ಆಗ್ತಾವ. ಹ್ವಾದ ವರ್ಷ ನಿಮಗ ಎಲ್ಲಾಕ್ಕಿಂತ ಹೆಚ್ಚು ತ್ರಾಸು ಕೊಟ್ಟದ್ದು ಯಾವುದು ಅಂತ ಒಂದ ಸಾಲು ಬರದು ಇಟ್ಕೊಳ್ರಿ. ಶನಿವಾರ ಸಂಜಿಕ ಕಟ್ಟಿ ಮ್ಯಾಲ ಕೂಡೂಣು, ಎಲ್ಲಾರೂ ತಮ್ಮ ತಮ್ಮ ವಹಿ ತುಗೊಂಡು ಬರ್ರಿ.